ಫಿಲ್ಲರಿಗೆ ಬೈಗುಳ, ಸ್ಟೀಲ್ ಡಬ್ಬಿಗೆ ನಮಸ್ಕಾರ

ಹುನಗುಂದ, ಇಳಕಲ್ ಕಡೆ ಮೈಕೈ ನೋವೆಂದು ದವಾಖಾನೆಗೆ ಹೋದವರ ಮೊದಲ ಮಾತು: "ಗುಳಿಗಿ ಬ್ಯಾಡ್ರಿ, ಒಂದ್ ಸೂಜಿ ಮಾಡ್ರಿ." ಗ್ರಾನೈಟ್ ಕ್ವಾರಿಯವನಿಗೂ ಮಗ್ಗದ ಮುಂದೆ ಕೂತು ಸೊಂಟ ಹಿಡಿದವಳಿಗೂ ನಾಳೆಯ ದುಡಿಮೆ ತಪ್ಪುವಂತಿಲ್ಲ. ವೈದ್ಯಕೀಯ ಪದವಿಯಿಲ್ಲದೆ ಚಿಕಿತ್ಸೆ ಕೊಡುವ ಹಳ್ಳಿಯ ಆರ್‌ಎಂಪಿಗಳು ಬೆಳೆದದ್ದೇ ಈ ಬೇಡಿಕೆಯ ಮೇಲೆ.

ಅವರ ಹಳೆಯ ಸರಂಜಾಮು ಹಿರಿಯರಿಗೆ ನೆನಪಿರಬಹುದು. ಚಪ್ಪಟೆ ಸ್ಟೀಲ್ ಡಬ್ಬಿ, ಒಳಗೆ ಗಾಜಿನ ಸಿರಿಂಜು, ಮೊಂಡಾದಾಗಲೆಲ್ಲ ಕಲ್ಲಿಗೆ ಉಜ್ಜಿ ಚೂಪು ಮಾಡಿದ ಎರಡು ಮೂರು ಸೂಜಿ. ಒಬ್ಬರಿಗೆ ಬಳಸಿದ ಮೇಲೆ 20 ನಿಮಿಷ ಕುದಿಸಬೇಕೆಂಬುದು ನಿಯಮ. ಸಂತೆ ದಿನ ಬಾಗಿಲ ತನಕ ಮಂದಿ ನಿಂತಾಗ ಬಿಸಿನೀರು ಒಮ್ಮೆ ಎಳೆದು ಬಿಟ್ಟರೆ ಆಯಿತು. ಸ್ಪಿರಿಟ್ ವಾಸನೆ ಬಂದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ.

ಇದೇ ಸೂಜಿಯನ್ನು ನಶೆಗೆ ಚುಚ್ಚಿಕೊಳ್ಳುವವರೂ ಇದ್ದಾರೆ. ಆ ಕಥೆಯೂ ದವಾಖಾನೆಯಿಂದಲೇ ಶುರು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ನೋವಿಗೆ ಮಾರ್ಫಿನ್ ಚುಚ್ಚತೊಡಗಿದ. ಬಾಯಿಗೆ ಕೊಡದೆ ಚರ್ಮದಡಿ ಕೊಟ್ಟರೆ ಚಟ ಹತ್ತದೆಂದು ಆಗಿನ ಅನೇಕ ವೈದ್ಯರು ನಂಬಿದ್ದರು. ಮುಂದೆ ಅಮೆರಿಕದ ಹಲವು ರಾಜ್ಯಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಸಿರಿಂಜು ಸಿಗದಂತಾಯಿತು. ಚಟ ನಿಲ್ಲಲಿಲ್ಲ, ಕಣ್ಣಿಗೆ ಔಷಧಿ ಹನಿಸುವ ಡ್ರಾಪರಿನ ತುದಿಗೆ ಸೂಜಿ ಬಂತು. ಮಣಿಪುರದಲ್ಲಿ ಪೆನ್ನಿಗೆ ಶಾಯಿ ತುಂಬುವ ಫಿಲ್ಲರ್ ಅದೇ ಕೆಲಸ ಮಾಡಿತು, ಕೈಯಿಂದ ಕೈಗೆ ತಿರುಗಿತು. 1989–90ರಲ್ಲಿ, ವರ್ಷ ತುಂಬುವುದರೊಳಗೆ, ಅಲ್ಲಿ ಪರೀಕ್ಷೆಗೊಳಗಾದ ಚುಚ್ಚಿಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಚ್‌ಐವಿ ಇತ್ತು.

ಫಿಲ್ಲರ್ ಕೆಟ್ಟ ಸಾಧನವೇ, ಅದರ ರಬ್ಬರು ತೊಳೆದರೂ ಶುದ್ಧವಾಗುವುದು ಕಷ್ಟ. ಆದರೆ ಅರೆಬರೆ ಕುದಿಸಿದ ನಮ್ಮ ಗಾಜಿನ ಸಿರಿಂಜು ಯಾವ ಮಾತಿನಲ್ಲಿ ಮೇಲು? ಒಬ್ಬರ ರಕ್ತ ಇನ್ನೊಬ್ಬರ ಮೈಗೆ ಸೇರಿಸುವುದರಲ್ಲಿ ಎರಡೂ ಒಂದೇ. ಫಿಲ್ಲರ್ ಹಿಡಿದವನ ಬೆನ್ನಿಗೆ ಪೊಲೀಸರು ಬಿದ್ದರು, ಡಬ್ಬಿ ಹಿಡಿದವನಿಗೆ ಊರು ಕೈ ಮುಗಿಯಿತು.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ಬಂದ ಮೇಲೂ ಈ ರೋಗ ಪೂರ್ತಿ ಬಿಡಲಿಲ್ಲ. 2002–04ರ ದೇಶವ್ಯಾಪಿ ಅಧ್ಯಯನದಲ್ಲಿ ನೂರರಲ್ಲಿ 62ಕ್ಕೂ ಹೆಚ್ಚು ಇಂಜೆಕ್ಷನ್ ಅಸುರಕ್ಷಿತ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿದ್ದು ಮರುಬಳಕೆಯ ಸಿರಿಂಜಿನಿಂದ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸಮೀಕ್ಷೆ ನೂರಕ್ಕೆ ಸುಮಾರು 3 ವಯಸ್ಕರಲ್ಲಿ ಎಚ್‌ಐವಿ ಕಂಡಿತ್ತು. ಇಲ್ಲಿ ಅದು ಮುಖ್ಯವಾಗಿ ಹರಡಿದ್ದು ಲೈಂಗಿಕ ಸಂಪರ್ಕದಿಂದ. ಅದನ್ನು ಸೂಜಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಇಂಥ ಜಿಲ್ಲೆಯಲ್ಲಿ ಸೂಜಿಯ ಬಗ್ಗೆ ಉಡಾಫೆ ಸಲ್ಲದು.

ವಿಚಿತ್ರವೆಂದರೆ, ಸರಿಯಾದ ದಾರಿ ಮೊದಲು ತೋರಿದವರು ನಶೆಯವರೇ. ಆಮ್‌ಸ್ಟರ್‌ಡ್ಯಾಮಿನಲ್ಲಿ 1984ರಲ್ಲಿ ಅವರ ಸಂಘವೇ ಮುಂದಾಗಿ, ಬಳಸಿದ ಸೂಜಿ ಕೊಟ್ಟು ಹೊಸದು ಒಯ್ಯುವ ಪದ್ಧತಿ ತಂದಿತು. ಇದು ಚಟಕ್ಕೆ ಕುಮ್ಮಕ್ಕು ಎನ್ನುವವರು ಇಂದಿಗೂ ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ: ಸಿರಿಂಜು ಸಿಗದಿದ್ದಾಗ ಹುಟ್ಟಿದ್ದು ಸಂಯಮವಲ್ಲ, ಫಿಲ್ಲರ್. ಸೋಂಕು ತಡೆಗೆ ಹೊಸ ಸೂಜಿ ಕೊಡುವುದು ಅಪರಾಧವಲ್ಲವೆಂದು ನಮ್ಮ 2017ರ ಎಚ್‌ಐವಿ ಕಾಯ್ದೆಯೂ ಹೇಳುತ್ತದೆ.

ಇನ್ನು ನಮ್ಮ ಪಾಲಿನ ಕೆಲಸ. ಗುಳಿಗೆಯಿಂದ ಹೋಗುವ ಜ್ವರಕ್ಕೆ ಸೂಜಿ ಕೇಳಬೇಡಿ. ಬೇಕೇಬೇಕಾದರೆ ಪಾಕೀಟು ನಿಮ್ಮ ಕಣ್ಣೆದುರಿಗೇ ಒಡೆಯಲಿ, ಡಾಕ್ಟರು ಸಿಟ್ಟಾದರೂ ಸರಿ.