ಕಥೋಲಿಕ ವಿರತಿಯೂ ಕನ್ನಡದ ಪದಗಳೂ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನಲ್ಲಿ ಶಿವಗಂಗೆ ಇದೆ. ಅಲ್ಲಿ ವಿಭೂತಿ ಎಂಬ ಮಾತಿಗೆ ಅರ್ಥ ಹೇಳಬೇಕಾದ ಪ್ರಸಂಗವೇ ಬಾರದು. ಇದೇ ಜಿಲ್ಲೆ ಬೆಂಗಳೂರಿನ ಕಥೋಲಿಕ ಮಹಾಧರ್ಮಪ್ರಾಂತ್ಯಕ್ಕೂ ಸೇರಿದೆ. ಆ ಧರ್ಮದ ಕನ್ನಡಿಗರು ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳನ್ನು 'ತಪಸ್ಸುಕಾಲ'ವೆಂದೂ, ಅದರ ಮೊದಲ ದಿನವನ್ನು 'ವಿಭೂತಿ ಬುಧವಾರ'ವೆಂದೂ ಕರೆಯುತ್ತಾರೆ. ಶೈವಪರಂಪರೆಯ ಪರಮಪವಿತ್ರ ಪದವೊಂದು ಅನ್ಯಧರ್ಮದ ಪಂಚಾಂಗವನ್ನು ಸೇರಿದ ಈ ಸಂಗತಿ ಕುತೂಹಲಕ್ಕೆ ಮಾತ್ರ ಯೋಗ್ಯವಾದುದಲ್ಲ. ಕ್ರೈಸ್ತರ ಇಂದ್ರಿಯನಿಗ್ರಹವನ್ನೂ ಆತ್ಮತ್ಯಾಗವನ್ನೂ ಕನ್ನಡಿಗನು ಅರಿಯುವುದು ಇಂತಹ ಪದಗಳ ಮೂಲಕವೇ ಆದುದರಿಂದ, ಅವು ಏನನ್ನು ತೋರಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದು ವಿಚಾರಾರ್ಹವಾಗಿದೆ.

ವೀರಶೈವನಿಗೆ ವಿಭೂತಿಯು ಅಷ್ಟಾವರಣಗಳಲ್ಲೊಂದು. ಅಂಗವನ್ನು ಲಿಂಗಪೂಜೆಗೆ ಅರ್ಹಗೊಳಿಸುವ ರಕ್ಷೆ, ಮಂಗಳದ ಗುರುತು. ಕಥೋಲಿಕರ ಬೂದಿಯಾದರೋ ಹಿಂದಿನ ವರ್ಷ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದುದು. ಅದನ್ನು ಹಣೆಗೆ ಹಚ್ಚುವ ಗುರುವು ಮಣ್ಣಿನಿಂದ ಬಂದ ದೇಹ ಮಣ್ಣಿಗೇ ಸೇರುವುದೆಂಬುದನ್ನು ನೆನಪಿಸುತ್ತಾನೆ, ಇಲ್ಲವೆ ಪಶ್ಚಾತ್ತಾಪಕ್ಕೆ ಕರೆಯುತ್ತಾನೆ. ಒಂದು ದೇಹವನ್ನು ಪ್ರಸಾದಕಾಯವಾಗಿ ಕಾಣುವ ದೃಷ್ಟಿ. ಇನ್ನೊಂದು ಅದರ ನಶ್ವರತೆಯನ್ನು ಮುಂದಿಟ್ಟು ಅಹಂಕಾರವನ್ನು ಇಳಿಸುವ ದೃಷ್ಟಿ. ಉಪವಾಸದ ನಿಯಮವನ್ನು 1966ರಲ್ಲಿ ಆರನೆಯ ಪೌಲ್ ಪೋಪರು ಬಹಳ ಸಡಿಲಿಸಿದರು. ಈಗ ಕಡ್ಡಾಯವಾದ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡೇ ದಿನ, ಅದೂ ಒಂದು ಪೂರ್ಣ ಊಟಕ್ಕೆ ಅವಕಾಶವಿರುವಂಥದು. ತಪಸ್ಸೆಂಬ ಮಾತು ಹುಟ್ಟಿಸುವ ನಿರೀಕ್ಷೆಗೆ ಇದು ಅತ್ಯಲ್ಪವೆಂದು ತೋರಬಹುದು. ಆದರೆ ಆ ಧರ್ಮದಲ್ಲಿ ದೇಹದಂಡನೆ ತಾನೇ ಫಲಕೊಡುವ ಶಕ್ತಿಯಲ್ಲ. ಪ್ರಾರ್ಥನೆ ಮತ್ತು ದಾನಗಳ ಜೊತೆಗಾರ ಮಾತ್ರ.

ಹೆಚ್ಚಿನ ತೊಡಕಿರುವುದು 'ಬ್ರಹ್ಮಚರ್ಯ' ಎಂಬ ಪದದಲ್ಲಿ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂದು ಕಥೋಲಿಕ ಸನ್ಯಾಸಿಗಳ ಮೂರು ವ್ರತಗಳನ್ನು ಕನ್ನಡದಲ್ಲಿ ಹೇಳುವುದು ರೂಢಿ. ಆಶ್ರಮಧರ್ಮದಲ್ಲಿ ಬ್ರಹ್ಮಚರ್ಯವು ಸಾಮಾನ್ಯವಾಗಿ ವಿದ್ಯಾರ್ಥಿದೆಸೆ. ಗೃಹಸ್ಥಾಶ್ರಮ ಬಂದೊಡನೆ ಮುಗಿಯುವಂಥದು. ಕಥೋಲಿಕ ಬೋಧೆಯಲ್ಲಿ ಎರಡು ಬೇರೆ ವಿಷಯಗಳಿವೆ. ಶುದ್ಧಶೀಲವು ಎಲ್ಲರಿಗೂ ವಿಧಿಸಿದುದು; ಗಂಡಹೆಂಡಿರ ಪರಸ್ಪರ ನಿಷ್ಠೆಯೂ ಅದರ ಒಂದು ರೂಪವೇ. ಅವಿವಾಹಿತ ಜೀವನವಾದರೋ ಕೆಲವರು ದೇವರಾಜ್ಯಕ್ಕಾಗಿ ಆರಿಸಿಕೊಳ್ಳುವಂಥದು. ಅದರಲ್ಲಿಯೂ ಮಠವಾಸಿಗಳದು ವ್ರತ. ಧರ್ಮಪ್ರಾಂತ್ಯದ ಗುರುಗಳದು ಸಭೆಯ ಶಾಸನ. ಲ್ಯಾಟಿನ್ ಸಭೆಯಲ್ಲಿ ಗುರುಗಳ ವಿವಾಹ ಅಸಿಂಧುವೆಂದು ಸ್ಪಷ್ಟವಾಗಿ ಸಾರಿದ್ದು 1139ರ ಎರಡನೆಯ ಲ್ಯಾಟರನ್ ಮಹಾಸಭೆ. ಪೋಪರ ಅಧೀನದಲ್ಲಿಯೇ ಇರುವ ಹಲವು ಪೌರಸ್ತ್ಯ ಸಭೆಗಳಲ್ಲಿ ಇಂದಿಗೂ ವಿವಾಹಿತ ಗುರುಗಳಿದ್ದಾರೆ. ವಿರಕ್ತಸ್ವಾಮಿಗಳನ್ನೂ ಸಂಸಾರಿಗಳಾದ ಜಂಗಮರನ್ನೂ ಒಂದೇ ಊರಿನಲ್ಲಿ ಕಂಡ ದೊಡ್ಡಬಳ್ಳಾಪುರದ ಕಡೆಯ ಒಕ್ಕಲಿಗೆ ಈ ಭೇದ ಸುಲಭವಾಗಿ ತಿಳಿಯಬೇಕಾದುದೇ; ಆದರೆ ಒಂದೇ ಪದವು ಎಲ್ಲವನ್ನೂ ಹೊತ್ತಾಗ ಅದು ಅಳಿಸಿಹೋಗುತ್ತದೆ.

'ಕನ್ಯಾಸ್ತ್ರೀ' ಎಂಬುದರ ದೋಷ ಇನ್ನೂ ಸ್ಪಷ್ಟ. ಇಂದಿನ ಫ್ರಾನ್ಸಿನಲ್ಲಿ 1610ರಲ್ಲಿ 'ವಿಸಿಟೇಷನ್' ಸಂಘವನ್ನು ಸ್ಥಾಪಿಸಿದವರಲ್ಲೊಬ್ಬಳಾದ ಸಂತ ಜೇನ್ ಫ್ರಾನ್ಸಿಸ್ ದ ಶಾಂತಾಲ್ ವಿಧವೆ, ಮಕ್ಕಳ ತಾಯಿ. ವ್ರತವು ಹಿಂದಿನ ಬಾಳಿನ ಪ್ರಮಾಣಪತ್ರವಲ್ಲ, ಮುಂದಿನ ಬಾಳಿನ ಅರ್ಪಣೆ. ಇದನ್ನು ಆ ಕನ್ನಡ ಪದ ಹೇಳುವುದೇ ಇಲ್ಲ.

ಎಲ್ಲ ದೋಷವನ್ನೂ ಭಾಷಾಂತರದ ಮೇಲೆ ಹೊರಿಸುವುದೂ ನ್ಯಾಯವಲ್ಲ. ಬಿಕ್ಕಟ್ಟು ಮೂಲದಲ್ಲಿಯೂ ಇದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹವನ್ನು ಸಂಸ್ಕಾರವೆಂದು ಎತ್ತಿಹಿಡಿಯಿತು. ಅದೇ ಅಧಿವೇಶನದಲ್ಲಿ, ವಿವಾಹಸ್ಥಿತಿಯು ಕನ್ಯಾವ್ರತಕ್ಕಿಂತ ಮೇಲೆಂದವರನ್ನು ಬಹಿಷ್ಕಾರಕ್ಕೆ ಗುರಿಮಾಡಿತು. ಸಂಸಾರ ಪವಿತ್ರ, ಆದರೆ ಎರಡನೆಯ ಮೆಟ್ಟಿಲು! 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪಾವಿತ್ರ್ಯದ ಕರೆ ಎಲ್ಲ ಸ್ಥಿತಿಯವರಿಗೂ ಇದೆಯೆಂದು ವಿಸ್ತಾರವಾಗಿ ಸಾರಿದರೂ ಹಳೆಯ ತಾರತಮ್ಯವನ್ನು ರದ್ದುಪಡಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗಂಗಾಂಬಿಕೆ ನೀಲಾಂಬಿಕೆಯರ ಪತಿಯಾದ ಬಸವಣ್ಣನೂ, ಸಂಸಾರವನ್ನು ತೊರೆದ ಅಕ್ಕಮಹಾದೇವಿಯೂ ಒಂದೇ ಶರಣಸಮೂಹದಲ್ಲಿ ಮಾನ್ಯರಾಗಿದ್ದುದನ್ನು ಬಲ್ಲವರಿಗೆ ಈ ಮೆಟ್ಟಿಲುಗಳು ಒಪ್ಪಿಗೆಯಾಗುವುದು ಕಷ್ಟ. ವಿರಕ್ತಪೀಠಗಳಿಗೆ ಬಂದ ಗೌರವವನ್ನು ನೋಡಿದರೆ, ವೀರಶೈವ ಸಮಾಜವೂ ಆ ಸಮತೆಯನ್ನು ಪೂರ್ಣವಾಗಿ ಉಳಿಸಿಕೊಂಡಿತೆಂದು ಹೇಳುವಂತಿಲ್ಲವೆಂಬುದು ಬೇರೆ ಮಾತು.

ಪದಗಳಿಗಿಂತ ಮುಂಚೆಯೇ ಬಟ್ಟೆ ಮಾತನಾಡಿತ್ತು. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟೊ ದ ನೊಬಿಲಿ ಕಾವಿಯುಟ್ಟು, ಮಾಂಸವನ್ನು ಬಿಟ್ಟು, ಸನ್ಯಾಸಿಯೆನಿಸಿಕೊಂಡನು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿಯೂ ಅದೇ ಮಾರ್ಗವನ್ನು ಹಿಡಿದನು. ಬಳಿಕ 1792ರಲ್ಲಿ ಭಾರತಕ್ಕೆ ಬಂದ ಅಬೆ ದ್ಯೂಬುವಾ ಮೈಸೂರು ಸೀಮೆಯಲ್ಲಿ ದೇಶೀಯ ಉಡುಪು, ಆಹಾರಗಳಲ್ಲಿಯೇ ವರ್ಷಗಟ್ಟಲೆ ಬಾಳಿದನು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಹಿಂದೂಗಳ ಮತಾಂತರ ಅಸಾಧ್ಯವೆಂದು ಬರೆದವನೂ ಅವನೇ. ವೇಷವು ಬಾಗಿಲನ್ನು ತೆರೆಯಿತೇ ಹೊರತು ವ್ರತದ ಹುರುಳನ್ನು ದಾಟಿಸಲಿಲ್ಲವೆಂದೇ ಇದರಿಂದ ಊಹಿಸಬೇಕಾಗುತ್ತದೆ.

ಬೆಂಗಳೂರು ಜಿಲ್ಲೆ 1986ರಲ್ಲಿ ನಗರ, ಗ್ರಾಮಾಂತರಗಳೆಂದು ಒಡೆಯುವುದಕ್ಕೆ ಎಷ್ಟೋ ಮೊದಲು, 1955ರಲ್ಲಿ, ಇಂಗ್ಲಿಷ್ ಬೆನೆಡಿಕ್ಟಿನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಭಾರತೀಯನಾದ ಬೆನೆಡಿಕ್ಟ್ ಆಲಪಟ್ಟರೊಡನೆ ಬಂದು ಕೆಂಗೇರಿಯಲ್ಲಿ ನೆಲೆಸಿದರು. ಯೂರೋಪಿನ ಅಳತೆಯಲ್ಲಿ ಅತ್ಯಂತ ಸರಳವಾಗಿದ್ದ ಅವರ ಬಾಳು ಸುತ್ತಲಿನ ಹಳ್ಳಿಯವರ ಪಾಲಿಗೆ ಅನುಕೂಲಸ್ಥರ ಬಾಳಾಗಿತ್ತೆಂಬುದು ಗ್ರಿಫಿತ್ಸರಿಗೇ ಮನದಟ್ಟಾಯಿತು. ಈ ಅರಿವು ಮೇಲಿನ ಎಲ್ಲ ಪದವಿಚಾರಕ್ಕಿಂತ ಬೆಲೆಯುಳ್ಳದ್ದು. ಹೆಂಡತಿ ಮಕ್ಕಳಿಲ್ಲದವನನ್ನು ಹಳ್ಳಿಯು ತ್ಯಾಗಿಯೆಂದು ಕೂಡಲೇ ಒಪ್ಪುವುದಿಲ್ಲ. ಅವನ ತಟ್ಟೆಯನ್ನೂ ಹಾಸಿಗೆಯನ್ನೂ ನೋಡುತ್ತದೆ. ಮೂರು ವ್ರತಗಳಲ್ಲಿ ಬಡತನವು ಕಾಣದಿದ್ದರೆ ಬ್ರಹ್ಮಚರ್ಯವು ಬರಿಯ ಒಂಟಿತನವಾಗಿ ತೋರುತ್ತದೆ. 1958ರಲ್ಲಿ ಗ್ರಿಫಿತ್ಸ್ ಕೇರಳಕ್ಕೆ ಹೋಗಿ ಫ್ರಾನ್ಸಿಸ್ ಮಾಹಿಯೂರೊಡನೆ ಕುರಿಸುಮಲೆಯಲ್ಲಿ ಕಾವಿಯುಟ್ಟು, ಬರಿಗಾಲಿನಲ್ಲಿ ನಡೆದು, ನೆಲದ ಮೇಲೆ ಕುಳಿತು ಉಂಡರು. ಆ ಆಶ್ರಮವು ಹಸುಗಳನ್ನು ಸಾಕಿ ಜೀವಿಸಿತು. ಇಂತಹ ಆಶ್ರಮಗಳ ಕಾವಿಯನ್ನು ಕಥೋಲಿಕರಲ್ಲೇ ಕೆಲವರು ಆಕ್ಷೇಪಿಸಿದರು; 1988ರಲ್ಲಿ ಸೀತಾರಾಮ ಗೋಯಲರು ಅದನ್ನು ಮತಾಂತರದ ಸೋಗೆಂದು ಒಂದು ಗ್ರಂಥದಲ್ಲಿಯೇ ಖಂಡಿಸಿದರು. ದ್ಯೂಬುವಾನಂಥವರನ್ನು ನೆನೆದರೆ ಆ ಸಂಶಯ ನಿರಾಧಾರವೆನ್ನಲಾಗದು. ಆದರೂ ಖಂಡನೆ ಬಟ್ಟೆಗೆ ತಾಗುವಷ್ಟು ಕೊಟ್ಟಿಗೆಯ ಕೆಲಸಕ್ಕೆ ತಾಗುವುದಿಲ್ಲ.