ಕಿತ್ತೂರ ಕಥೆಯೂ ವಂಶಕಾವ್ಯದ ಧರ್ಮವೂ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪ್ರಾಂತದಲ್ಲಿ ಕಿತ್ತೂರಿನ ಕಥೆಯನ್ನು ಕೇಳದ ಮನೆಯಿಲ್ಲ. ಲಾವಣಿಕಾರರು ಅದನ್ನು ಹಾಡಿದರು, ನಾಟಕಮಂಡಳಿಗಳವರು ಆಡಿದರು, 1961ರಲ್ಲಿ ಬಿ. ಆರ್. ಪಂತುಲು ಅವರು ಚಲಚ್ಚಿತ್ರವನ್ನು ನಿರ್ಮಿಸಿದರು. ಅದರಲ್ಲಿ ರಾಣಿಯ ಪಾತ್ರವನ್ನು ವಹಿಸಿದ ಬಿ. ಸರೋಜಾದೇವಿಯವರ ಗಾಂಭೀರ್ಯವು ಪ್ರಶಂಸನೀಯವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ರಂಗಭೂಮಿಗೂ ಚಿತ್ರಪಟಕ್ಕೂ 1824ನೆಯ ಇಸವಿಯ ಅಕ್ಟೋಬರ 23ರ ಕಾಳಗವೇ ಸರ್ವಸ್ವವಾಗಿರುವದು. ಮಿಕ್ಕುದೆಲ್ಲವೂ ಅದಕ್ಕೆ ಪೀಠಿಕೆ. ಆದಿಲಶಾಹಿಯ ಕಾಲದಲ್ಲಿ ಸಂಪಗಾವಿಯಲ್ಲಿ ನೆಲೆನಿಂತು, ಎರಡುನೂರು ವರುಷಕ್ಕೂ ಮೇಲ್ಪಟ್ಟು ದೇಸಗತಿಯನ್ನಾಳಿದ ಮನೆತನವು ಒಂದು ದಿನದ ತೋಪಿನ ಹೊಗೆಯಲ್ಲಿ ಮುಚ್ಚಿಹೋಗಿರುವದು.

ಈ ಕಥೆಯ ಬೀಜವು ಯುದ್ಧವಲ್ಲ, ಸಂತಾನ. ಮಲ್ಲಸರ್ಜ ದೇಸಾಯಿಯು ಪೇಶವೆಯ ಸೆರೆಯಲ್ಲಿ ನವೆದು 1816ರಲ್ಲಿ ತೀರಿಕೊಂಡನು. ಆತನ ಮಗ ಶಿವಲಿಂಗರುದ್ರಸರ್ಜನು 1818ರಲ್ಲಿ ಬೆಳಗಾವಿಯ ಕೋಟೆಗೆ ಮುತ್ತಿಗೆ ಬಿದ್ದಾಗ ಕುಂಪಣಿಯವರಿಗೇ ನೆರವಾದನು. 1824ರ ಸೆಪ್ಟೆಂಬರದಲ್ಲಿ ಅವನೂ ಮಕ್ಕಳಿಲ್ಲದೆ ಮಡಿದನು. ಮಾಸ್ತಮರಡಿಯ ಬಾಲಕ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಒಪ್ಪಲಿಲ್ಲ. ಧರ್ಮಶಾಸ್ತ್ರದ ಮತದಂತೆ ವಿಧಿಪೂರ್ವಕವಾಗಿ ತೆಗೆದುಕೊಂಡ ಮಗನು ಔರಸನಂತೆಯೇ ಕುಲಕ್ಕೂ ರಿಕ್ಥಕ್ಕೂ ಅಧಿಕಾರಿ. ಕುಂಪಣಿಯ ಮತದಂತೆ ಸರಕಾರದ ಅಪ್ಪಣೆಯಿಲ್ಲದ ಮಗನು ಮಗನೇ ಅಲ್ಲ. ಮಗನಾರೆಂಬುದನ್ನು ನಿರ್ಣಯಿಸತಕ್ಕವರು ಮನೆಯವರೋ ಕಚೇರಿಯವರೋ? ನಾಟ್ಯಕ್ಕೆ ಇದಕ್ಕಿಂತ ದೊಡ್ಡ ಸಂಘರ್ಷ ಯಾವುದು ಬೇಕು! ಆದರೂ ನಾಟಕಗಳಲ್ಲಿ ಈ ಭಾಗವು ಥ್ಯಾಕರೆಯ ಒಂದೆರಡು ಅಬ್ಬರದ ಮಾತುಗಳಲ್ಲಿ ತೀರಿಹೋಗುವದು. ಆ ಬಾಲಕನಂತೂ ಮೂಕಪಾತ್ರ.

ಕಾಳಿದಾಸನು ವಂಶವನ್ನೇ ನಾಯಕನನ್ನಾಗಿ ಮಾಡಿ ಕಾವ್ಯವನ್ನು ಬರೆದನು. ರಘುವಂಶವು ದಿಲೀಪನ ಅನಪತ್ಯದ ಚಿಂತೆಯಿಂದ ಮೊದಲಾಗಿ, ಹತ್ತೊಂಬತ್ತನೆಯ ಸರ್ಗದಲ್ಲಿ ವಿಷಯಲೋಲುಪನಾದ ಅಗ್ನಿವರ್ಣನು ಕ್ಷಯದಿಂದ ಸಾಯಲು, ಗರ್ಭಿಣಿಯಾದ ಅವನ ರಾಣಿಯು ಮಂತ್ರಿಗಳೊಡನೆ ರಾಜ್ಯವನ್ನಾಳುವಲ್ಲಿಗೆ ನಿಲ್ಲುವದು. ರಘುವಿನ ದಿಗ್ವಿಜಯವು ಅದರಲ್ಲಿ ಉಂಟು. ಆದರೆ ಅದು ಅಂಗ ಮಾತ್ರ, ಅಂಗಿಯಲ್ಲ. ಕುಲದ ಏಳಿಗೆಯನ್ನು ಹಾಡಿದ ಕವಿಯು ಅದರ ಕ್ಷಯವನ್ನು ಮರೆಮಾಚಲಿಲ್ಲ. ಕಿತ್ತೂರಿನ ನಾಟಕಕಾರರಿಗೆ ಈ ಧೈರ್ಯವು ಸಾಲದು. ಮಲ್ಲಪ್ಪಶೆಟ್ಟಿ, ವೆಂಕಟರಾಯರೆಂಬ ಇಬ್ಬರು ದ್ರೋಹಿಗಳ ತಲೆಗೆ ಎಲ್ಲವನ್ನೂ ಕಟ್ಟಿ, ಕುಂಪಣಿಗೆ ನೆರವಾದ ದೇಸಾಯಿಯ 1818ರ ನಡತೆಯನ್ನು ಅವರು ಮೆಲ್ಲಗೆ ದಾಟಿಬಿಡುವರು.

ಇಲ್ಲಿ ಒಂದು ವಿಚಿತ್ರವುಂಟು. ಕಿತ್ತೂರಿನಲ್ಲಿ ಮಡಿದ ಥ್ಯಾಕರೆಯ ಅಣ್ಣನ ಮಗನೇ ಇಂಗ್ಲೀಷ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಅವನು 1852ರಲ್ಲಿ ‘ಹೆನ್ರಿ ಎಸ್ಮಂಡ್’ ಎಂಬ ಕಾದಂಬರಿಯನ್ನೂ, ಅದರ ಮುಂದುವರಿಕೆಯಾಗಿ 1857ರಿಂದ 1859ರ ವರೆಗೆ ‘ದಿ ವರ್ಜಿನಿಯನ್ಸ್’ ಎಂಬುದನ್ನೂ ಪ್ರಕಟಿಸಿದನು. ಅಮೇರಿಕೆಯ ವರ್ಜಿನಿಯಾ ಸೀಮೆಯಲ್ಲಿ ಭೂಮಿ ಹಿಡಿದ ಒಂದು ಆಂಗ್ಲ ಮನೆತನದ ಕಥೆಯದು. ಆ ಸೀಮೆಯು ಇಂಗ್ಲಂಡದ ದೊರೆತನವನ್ನು ಕಳಚಿಕೊಳ್ಳುವಾಗ ಎಸ್ಮಂಡನ ಅವಳಿ ಮೊಮ್ಮಕ್ಕಳಲ್ಲಿ ಒಬ್ಬನು ದೊರೆಯ ಪಕ್ಷ, ಇನ್ನೊಬ್ಬನು ಬಂಡಾಯದ ಪಕ್ಷ. ಗ್ರಂಥವು ಬಲು ಲಂಬಿತವಾದುದು, ಎರಡನೆಯದಂತೂ ಬೇಸರ ಬರುವಷ್ಟು. ಆದರೂ ಒಂದೇ ಮನೆಯು ಇಬ್ಭಾಗವಾದುದನ್ನು ಯಾರನ್ನೂ ರಾಕ್ಷಸನನ್ನಾಗಿ ಮಾಡದೆ ಹೇಳಿದ ಸಂಯಮವು ಅದರಲ್ಲಿರುವದು. ಚಿಕ್ಕಪ್ಪನು ಕೆಡಿಸಿದ ಮನೆತನಕ್ಕೆ ಅಂಥ ಕಥೆಗಾರನು ದೊರೆಯಲಿಲ್ಲ.

ಕನ್ನಡಕ್ಕೆ ಈ ಶಕ್ತಿಯಿಲ್ಲವೆಂದಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯು ಕರಾವಳಿಯ ಬಡ ಮನೆಯೊಂದರ ಮೂರು ತಲೆಮಾರುಗಳನ್ನು ಹೇಳಿತು. ಬೆಳಗಾವಿ ಜಿಲ್ಲೆಯವರೇ ಆದ ಚಂದ್ರಶೇಖರ ಕಂಬಾರರು ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ದೇಸಾಯರ ವಾಡೆಯು ಒಳಗಿನಿಂದಲೇ ಶಿಥಿಲವಾಗುವ ಪರಿಯನ್ನು ತೋರಿಸಿದರು. ಇನ್ನು ಸಂಗೊಳ್ಳಿ ರಾಯಣ್ಣನ ಲಾವಣಿ. ಫ್ಲೀಟ್ ಸಾಹೇಬನು 19ನೆಯ ಶತಮಾನದಲ್ಲಿಯೇ ಅದನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದ್ದನು. ಸೆರೆಯಲ್ಲಿದ್ದ ರಾಣಿಯು 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡ ಮೇಲೆಯೂ ಅದೇ ದತ್ತಪುತ್ರನ ಹೆಸರಿನಲ್ಲಿ ಕಾದು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಊರ ಓಲೆಕಾರನನ್ನು ನಾಯಕನೆಂದು ಆರಿಸಿದ ಜನಕವಿಯ ಔಚಿತ್ಯಜ್ಞಾನವು ನಾಟಕಕಾರರ ಜ್ಞಾನಕ್ಕಿಂತ ಮಿಗಿಲಾದುದು.

ದತ್ತಕದ ಈ ಎಳೆಯು ಕಿತ್ತೂರಿನಲ್ಲಿಯೇ ಕಡಿಯಲಿಲ್ಲ. ರಾಮದುರ್ಗದ ಭಾವೆಯವರ ದಾಯಾದಿಯಾದ ನರಗುಂದದ ಬಾಬಾಸಾಹೇಬನು 1858ರಲ್ಲಿ ಬಂಡೆದ್ದುದೂ ದತ್ತಕಕ್ಕೆ ಅಪ್ಪಣೆ ದೊರೆಯದ ಕಾರಣದಿಂದಲೇ. ಮ್ಯಾನ್‌ಸನ್ನನು ಹತನಾದ ಸುರೇಬಾನವು ರಾಮದುರ್ಗದ ಸೀಮೆಯಲ್ಲಿಯೇ ಇರುವದು. ಅತ್ತ ಸವದತ್ತಿ ತಾಲೂಕಿನ ಶಿರಸಂಗಿಯ ಕಥೆಯೇ ಬೇರೆ. ದತ್ತಪುತ್ರರಾಗಿ ದೇಸಗತಿಗೆ ಬಂದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆ ಮೃತ್ಯುಪತ್ರವನ್ನು ಬರೆದು, ಹೊಲಮನೆಗಳನ್ನೆಲ್ಲ ತಮ್ಮ ಸಮಾಜದ ಹುಡುಗರ ವಿದ್ಯಾಭ್ಯಾಸಕ್ಕೆ ಬಿಟ್ಟರು. ಅಲ್ಲಿ ತೋಪಿಲ್ಲ, ಖಡ್ಗವಿಲ್ಲ. ದೊಡ್ಡ ವಾಡೆಯಲ್ಲಿ ಕುಳಿತು ಒಬ್ಬ ದೇಸಾಯಿಯು ಕಾಗದದ ಮೇಲೆ ತನ್ನ ವಂಶದ ಕಡೆಯ ಸರ್ಗವನ್ನು ಬರೆಯುತ್ತಿರುವನು. ಒಳಮನೆಯಲ್ಲಿ ಹೆಂಗಸರು ಏನೆಂದುಕೊಂಡರೋ, ಅದನ್ನು ನಾಟಕಕಾರನೇ ಕಂಡುಕೊಳ್ಳತಕ್ಕದ್ದು.