ಬೆಡ್‌ಫರ್ಡ್ ಫಾಲ್ಸಿನ ಜಮಾಖರ್ಚು

ಅಮೆರಿಕದಲ್ಲಿ ಕ್ರಿಸ್‌ಮಸ್ ಆಚರಣೆಯ ಅಂಗವೇ ಆಗಿಹೋಗಿರುವ ಚಲಚ್ಚಿತ್ರಗಳಲ್ಲಿ ಫ್ರ್ಯಾಂಕ್ ಕಾಪ್ರಾ ನಿರ್ದೇಶಿಸಿದ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಅಗ್ರಗಣ್ಯವಾದುದು. ಈ ಮನ್ನಣೆ ಅದಕ್ಕೆ ಹುಟ್ಟಿನೊಡನೆ ಬಂದುದಲ್ಲ. 1946ರ ಡಿಸೆಂಬರಿನಲ್ಲಿ ತೆರೆಕಂಡ ಚಿತ್ರ ಹಾಕಿದ ಬಂಡವಾಳವನ್ನೂ ಆಗ ಹಿಂದಕ್ಕೆ ತರಲಿಲ್ಲ. 1974ರಲ್ಲಿ ಕೃತಿಸ್ವಾಮ್ಯ ನವೀಕರಣವಾಗದೆ ಹೋದುದರಿಂದ ಟೆಲಿವಿಷನ್ ಕೇಂದ್ರಗಳು ಅದನ್ನು ವರ್ಷವರ್ಷವೂ ಹಬ್ಬದ ದಿನಗಳಲ್ಲಿ ತೋರಿಸತೊಡಗಿದವು. ಹಣಕ್ಕಿಂತ ಸ್ನೇಹ ದೊಡ್ಡದೆಂದು ಸಾರುವ ಕೃತಿ ಪುಕ್ಕಟೆಯಾಗಿ ದೊರೆತುದರಿಂದಲೇ ಮನೆಮಾತಾಯಿತೆಂಬುದು ಚೋದ್ಯವೇ ಸರಿ.

ಕಥಾನಾಯಕ ಜಾರ್ಜ್ ಬೇಲಿ (ಜೇಮ್ಸ್ ಸ್ಟೂವರ್ಟ್) ಲೋಕಸಂಚಾರದ ಕನಸು ಕಂಡವನು. ತಂದೆಯ ಮರಣಾನಂತರ ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರಿನ ಗೃಹಸಾಲದ ಸಂಘಕ್ಕೆ ಕಟ್ಟುಬಿದ್ದು ಅಲ್ಲಿಯೇ ಉಳಿಯುತ್ತಾನೆ. ಕ್ರಿಸ್‌ಮಸ್ ಮುನ್ನಾದಿನ ಅವನ ಚಿಕ್ಕಪ್ಪ ಸಂಘದ 8,000 ಡಾಲರನ್ನು ವೃತ್ತಪತ್ರಿಕೆಯೊಂದರಲ್ಲಿ ಸುತ್ತಿ, ಮೈಮರೆತು, ಊರಿನ ಶ್ರೀಮಂತ ಪಾಟರನ ಕೈಗೇ ಕೊಡುತ್ತಾನೆ. ಪಾಟರ್ ತಿಳಿದೂ ತಿಳಿದೂ ಅದನ್ನು ಬಚ್ಚಿಡುತ್ತಾನೆ. ಆತ್ಮಹತ್ಯೆಗೆ ಹೊರಟ ಜಾರ್ಜನಿಗೆ, ಅವನು ಹುಟ್ಟದೇ ಇದ್ದಿದ್ದರೆ ಊರು ಏನಾಗುತ್ತಿತ್ತೆಂಬುದನ್ನು ದೇವದೂತನೊಬ್ಬ ತೋರಿಸುತ್ತಾನೆ. ಮರಳಿ ಬಂದಾಗ ನೆರೆಹೊರೆಯವರು ಹಣ ಕೂಡಿಸಿ ಅವನನ್ನು ಉಳಿಸುತ್ತಾರೆ.

ಪ್ರತಿಯೊಬ್ಬನ ಬದುಕೂ ಇತರರ ಬದುಕಿಗೆ ಹೆಣೆದುಕೊಂಡಿದೆಯೆಂಬ ಸಂದೇಶಕ್ಕೆ ಯಾರ ತಕರಾರೂ ಇರಲಾರದು. ತಕರಾರಿರುವುದು ಅದನ್ನು ಸ್ಥಾಪಿಸಲು ಚಿತ್ರ ಹಿಡಿಯುವ ದಾರಿಯ ಬಗ್ಗೆ.

ಚಿತ್ರದ ಶ್ರೇಷ್ಠ ದೃಶ್ಯವೆಂದರೆ ಠೇವಣಿದಾರರು ಸಂಘಕ್ಕೆ ಮುತ್ತಿಗೆ ಹಾಕುವುದು. ನಿಮ್ಮ ಹಣ ಪೆಟ್ಟಿಗೆಯಲ್ಲಿಲ್ಲ, ನೆರೆಯವನ ಮನೆಯ ಗೋಡೆಯಲ್ಲಿದೆ ಎಂದು ಜಾರ್ಜ್ ವಿವರಿಸುವ ಮಾತು ಸಹಕಾರತತ್ತ್ವದ ತಿರುಳು. 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಠಮಾರಿಯೊಬ್ಬ ತನ್ನ 242 ಡಾಲರನ್ನೂ ಪೂರ್ತಿ ಪಡೆದೇ ತೀರುತ್ತಾನೆ. ಮತ್ತೊಬ್ಬಳು ಹದಿನೇಳೂವರೆ ಡಾಲರು ಸಾಕೆನ್ನುತ್ತಾಳೆ. ಮಧುಚಂದ್ರಕ್ಕೆಂದಿಟ್ಟ 2,000 ಡಾಲರು ಕರಗಿ ಕೊನೆಗೆ ಎರಡು ಡಾಲರು ಉಳಿಯುತ್ತದೆ. ದೃಶ್ಯ ರೋಮಾಂಚಕಾರಿ. ಆದರೆ ಇಂಥ ಮುತ್ತಿಗೆಗಳನ್ನು ಅಮೆರಿಕದಲ್ಲಿ ತಡೆದುದು ಯಾವನೋ ಒಬ್ಬನ ಮಧುಚಂದ್ರದ ಹಣವಲ್ಲ. ಬ್ಯಾಂಕುಗಳಿಗೆ 1933ರಲ್ಲೂ ಇಂಥ ಸಂಘಗಳಿಗೆ 1934ರಲ್ಲೂ ಕಾನೂನು ಒದಗಿಸಿದ ಠೇವಣಿ ವಿಮೆ. (ಭಾರತದಲ್ಲಿ ಅದಕ್ಕೆ 1960ರ ಪಾಲೈ ಸೆಂಟ್ರಲ್ ಬ್ಯಾಂಕಿನ ಪತನ ಬೇಕಾಯಿತು, ವಿಮೆ ಬಂದುದು 1962ರಲ್ಲಿ.) 1946ರ ಪ್ರೇಕ್ಷಕನು ಈ ಆಶ್ರಯದಲ್ಲಿಯೇ ಕುಳಿತು ಚಿತ್ರ ನೋಡಿದನು. ಚಿತ್ರವಾದರೋ ಅದನ್ನು ಸ್ಮರಿಸದೆ, ವ್ಯವಸ್ಥೆಯ ಹೊಣೆಯನ್ನೆಲ್ಲ ಒಬ್ಬ ಸಜ್ಜನನ ಹೆಗಲಿಗೆ ಹೊರಿಸುತ್ತದೆ.

ಮುಕ್ತಾಯವನ್ನು ಲೆಕ್ಕದ ಕಣ್ಣಿನಿಂದ ನೋಡಬೇಕು. ಪಾಟರ್ ಕದ್ದ ಹಣ ಪಾಟರನಲ್ಲಿಯೇ ಉಳಿಯಿತು. ಬಡವರು ತಮ್ಮ ಉಳಿತಾಯದಿಂದ ಆ ಕೊರತೆಯನ್ನು ತುಂಬಿದರು. ಲೆಕ್ಕಪರೀಕ್ಷಕನೂ ಒಂದಿಷ್ಟು ಹಾಕಿದ, ಅಧಿಕಾರಿ ವಾರಂಟನ್ನು ಹರಿದ, ಎಲ್ಲರೂ ಹಾಡಿದರು. ಅಂದರೆ ಊರಿಗೆ ಊರೇ ಕಳ್ಳನಿಗೆ ಕಪ್ಪ ಕೊಟ್ಟಿತು. ಕೊಟ್ಟೆವೆಂಬ ಅರಿವೂ ಅದಕ್ಕಿಲ್ಲ. ಅಪರಾಧಕ್ಕೆ ತೆರೆಯ ಮೇಲೆ ಶಿಕ್ಷೆಯಾಗಲೇಬೇಕೆಂದು ಹಾಲಿವುಡ್ಡಿನ ನೀತಿಸಂಹಿತೆ ಬಯಸುತ್ತಿದ್ದ ಕಾಲದಲ್ಲಿಯೂ ಪಾಟರನಿಗೆ ಯಾವ ದಂಡನೆಯೂ ಇಲ್ಲ. ಇಂಥ ಚಿತ್ರ ಬ್ಯಾಂಕುಗಾರರನ್ನು ಹೀನಾಯವಾಗಿ ಚಿತ್ರಿಸುತ್ತದೆಯೆಂದು 1947ರಲ್ಲಿ ಎಫ್‌ಬಿಐ ಸಂಶಯಪಟ್ಟುದು ನಗೆಗೀಡಾದ ಸಂಗತಿ. ಪಾಟರನಿಗೆ ಇದಕ್ಕಿಂತ ಲಾಭದಾಯಕ ಕಥೆ ಮತ್ತೊಂದಿರಲಾರದು.

ಪ್ರಣಯದ ಭಾಗ ಇನ್ನೂ ವಿಚಾರಾರ್ಹ. ಮಧುಚಂದ್ರದ ಹಣವನ್ನು ಮುಂದೆ ಚಾಚುವವಳು ಪತ್ನಿ ಮೇರಿ. ಪಾಳುಬಿದ್ದ ಮನೆಯನ್ನು ವಾಸಯೋಗ್ಯವಾಗಿ ಮಾಡುವವಳೂ ಅವಳೇ. ಗಂಡನಿಗೆ ಕಷ್ಟವೆಂದು ಊರಿಗೆಲ್ಲ ಸುದ್ದಿ ಮುಟ್ಟಿಸಿ ಹಣ ತರಿಸುವವಳೂ ಅವಳೇ. ಪವಾಡವೆಂಬುದು ನಡೆದಿದ್ದರೆ ಅದನ್ನು ನಡೆಸಿದವಳು ಮೇರಿ. ರೆಕ್ಕೆಯ ಬಹುಮಾನ ಮಾತ್ರ ದೇವದೂತನಿಗೆ! ಇಷ್ಟು ಸಮರ್ಥೆಯಾದವಳು ಜಾರ್ಜನಿಲ್ಲದ ಲೋಕದಲ್ಲಿ ಏನಾಗಿದ್ದಾಳೆ? ಅವಿವಾಹಿತೆ, ಕನ್ನಡಕ ಧರಿಸಿದ, ಗಂಡಸಿನ ನೆರಳಿಗೂ ಬೆದರುವ ಗ್ರಂಥಪಾಲಿಕೆ. ತಮ್ಮನ ಸಾವಿನ ತರುವಾಯ, ಎಲ್ಲಕ್ಕಿಂತ ಘೋರವಾದ ಗತಿಯೆಂಬಂತೆ ಇದನ್ನು ತೋರಿಸಲಾಗಿದೆ. ಪುಸ್ತಕಗಳ ನಡುವೆ ದುಡಿದು ಜೀವಿಸುವ ಹೆಣ್ಣನ್ನು ದುರಂತವೆಂದು ಕರೆಯುವ ಲೇಖಕನು ಮೇರಿಯನ್ನು ತಾನೇ ಸೃಷ್ಟಿಸಿಯೂ ಅರಿಯಲಿಲ್ಲವೆನ್ನಬೇಕು. 1947ರ 'ಮಿರಕಲ್ ಆನ್ 34ತ್ ಸ್ಟ್ರೀಟ್'ನಲ್ಲಿಯೂ ಇದೇ ಜಾಡು: ವಿಚ್ಛೇದಿತಳೂ ಉದ್ಯೋಗಸ್ಥೆಯೂ ಆದ ತಾಯಿಯ ವಿಚಾರಬುದ್ಧಿಯೇ ಅಲ್ಲಿ ರೋಗ, ಮದುವೆ ಮತ್ತು ಸ್ವಂತ ಮನೆ ಅದರ ಮದ್ದು.

ಇಷ್ಟಾದರೂ ಕಾಪ್ರಾನ ಚಿತ್ರವನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ಮಕ್ಕಳ ಮೇಲೆ ರೇಗಿ, ಮರುಕ್ಷಣ ನಾಚಿ, ಕುಡಿಯುವ ಅಂಗಡಿಯಲ್ಲಿ ಕುಳಿತು ನಂಬಿಕೆಯಿಲ್ಲದ ಪ್ರಾರ್ಥನೆಗೆ ತೊಡಗುವ ಸ್ಟೂವರ್ಟನ ಮುಖದಲ್ಲಿ ಹಬ್ಬದ ಯಾವ ಸಂದೇಶಕ್ಕೂ ನಿಲುಕದ ಸತ್ಯವಿದೆ. ಜಾರ್ಜ್ ಬಯಸಿದುದನ್ನು ಚಿತ್ರ ಅವನಿಗೆ ಕೊಡುವುದೇ ಇಲ್ಲ. ಕೊಟ್ಟಂತೆ ನಟಿಸುವುದೂ ಇಲ್ಲ. ಯೌವನದಲ್ಲಿ ಊರಿನ ಔಷಧ ವ್ಯಾಪಾರಿ ಅವನ ಪ್ರವಾಸಕ್ಕೆಂದು ದೊಡ್ಡ ಪೆಟ್ಟಿಗೆಯೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದನು. ಕೊನೆಯ ದೃಶ್ಯದಲ್ಲಿ ಮೇಜಿನ ಮೇಲೆ ನೋಟುಗಳ ರಾಶಿಯಿದೆ, ಗಂಟೆಯ ನಾದವಿದೆ. ಆ ಪೆಟ್ಟಿಗೆ ಕಾಣುವುದಿಲ್ಲ.